ಹುಲ್ಲು ಅಳಿಸಿದವನೂ ಫೋನಿನ ಬಿಸಿ ತಡೆದವನೂ ಒಂದೇನಾ?



ಇವತ್ತು ಬರೀತಿರೋದು ಶೂಟಿಂಗ್ ಗೇಮ್ ಬಗ್ಗೆ. ಒಳಮೀಸಲಾತಿ, ಪಿಟಿಸಿಎಲ್ ಜಮೀನು, ಹಾಸ್ಟೆಲ್ ಊಟ ಇಷ್ಟೆಲ್ಲ ಬಾಕಿ ಇರುವಾಗ ಇವನಿಗೇನಾಯ್ತು ಅಂತ ಕೆಲವು ಸಂಗಾತಿಗಳಿಗೆ ಅನಿಸಬಹುದು. ಅನಿಸಲಿ. ಪೂರ್ತಿ ಓದಿ, ಆಮೇಲೆ ಬೈಯಿರಿ. ಸಂಜೆ ಏಳು ಗಂಟೆಗೆ ನಿಮ್ಮ ನಿಮ್ಮ ಕಾಲೊನಿಯ ಅಂಬೇಡ್ಕರ್ ಭವನದ ಕಟ್ಟೆ ಹತ್ರ ಹೋಗಿ ನೋಡಿ. ನಾಲ್ಕು ಹುಡುಗರು ತಲೆ ಬಗ್ಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು, "ಲೆಫ್ಟ್ ಲೆಫ್ಟ್, ಮರದ ಹಿಂದೆ" ಅಂತ ಕೂಗ್ತಾ ಕೂತಿರ್ತಾರೆ. ಊರ ಮೈದಾನದಲ್ಲಿ ಜಾಗ ಸಿಗದ ಹುಡುಗರಿಗೆ ಸಿಕ್ಕಿರುವ ಮೈದಾನ ಇದು. ಆ ಮೈದಾನದ ಕಾನೂನು ಏನು, ಅದನ್ನ ಬರೆದವರು ಯಾರು, ಅದು ಯಾರ ಮೇಲೆ ಬೀಳುತ್ತೆ ಅಂತ ಕೇಳೋದು ನಮ್ಮ ಕೆಲಸವೇ.

ವಿಷಯ ಇಷ್ಟು. ಕಡಿಮೆ ಬೆಲೆಯ ಫೋನಿನಲ್ಲಿ, ಹಳೆಯ ಕಂಪ್ಯೂಟರ್‌ನಲ್ಲಿ ಆಡುವ ಹುಡುಗರು ಆಟದ ಗ್ರಾಫಿಕ್ಸ್ ಸೆಟ್ಟಿಂಗ್ ತಿದ್ದುತ್ತಾರೆ. ಮೆನುವಿನಲ್ಲಿ ಕೊಟ್ಟಿರುವುದು ಸಾಲದಾದಾಗ ಆಟದ ಒಳಗಿನ ಕಾನ್ಫಿಗ್ ಫೈಲ್ ತೆಗೆದು ತಿದ್ದುತ್ತಾರೆ, ಇಲ್ಲಾ 'ಜಿಎಫ್ಎಕ್ಸ್ ಟೂಲ್' ಅನ್ನೋ ಥರದ ಹೊರಗಿನ ಆ್ಯಪ್ ಹಾಕಿಕೊಳ್ಳುತ್ತಾರೆ. ಕಂಪನಿಗಳು ಇದನ್ನ ಆಂಟಿ-ಚೀಟ್ ನಿಯಮದ ಅಡಿ ತರುತ್ತವೆ. ಮೋಸದ ಸಾಫ್ಟ್‌ವೇರ್ ಬಳಸಿದವನಿಗೆ ಬೀಳುವ ಬ್ಯಾನೇ ಇವರಿಗೂ ಬೀಳುತ್ತೆ. ನನ್ನ ತಕರಾರು ಇರೋದು ಇಲ್ಲಿ.

ಗೇಮ್ ಗೊತ್ತಿಲ್ಲದವರಿಗೆ ಸ್ವಲ್ಪ ಲೆಕ್ಕ ಹೇಳ್ತೀನಿ. ಪರದೆ ಮೇಲೆ ಕಾಣೋದು ಚಲಿಸುವ ಚಿತ್ರ ಅಲ್ಲ, ಒಂದರ ಹಿಂದೆ ಒಂದು ಬಿಡಿಸುವ ಬಿಡಿ ಚಿತ್ರಗಳು. ಒಂದು ಸೆಕೆಂಡಿಗೆ 30 ಚಿತ್ರ ಬಿಡಿಸುವ ಫೋನಿನಲ್ಲಿ ಎರಡು ಚಿತ್ರಗಳ ನಡುವೆ ಸುಮಾರು 33 ಮಿಲಿಸೆಕೆಂಡ್ ಅಂತರ. 90 ಚಿತ್ರ ಬಿಡಿಸುವ ಫೋನಿನಲ್ಲಿ ಸುಮಾರು 11. ಎದುರಾಳಿ ಗೋಡೆ ಮೂಲೆಯಿಂದ ಹೊರಗೆ ಬಂದದ್ದು ದುಬಾರಿ ಫೋನಿನವನ ಕಣ್ಣಿಗೆ ಮೊದಲು ಬೀಳುತ್ತೆ. ಗುಂಡು ಹಾರಿಸೋಕೆ ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು ಸಾಕಾಗುವ ಆಟದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಅದರ ಮೇಲೆ ಬಿಸಿ. ಸಾಧಾರಣ ಫೋನು ಇಪ್ಪತ್ತು ನಿಮಿಷ ಆಡಿದ ಮೇಲೆ ದೋಸೆ ಕಾವಲಿ ಥರ ಕಾಯುತ್ತೆ. ಕಾದ ಮೇಲೆ ಚಿಪ್ಪು ತನ್ನನ್ನ ತಾನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ. ಆಗ 30 ಇದ್ದದ್ದು 18ಕ್ಕೆ, 15ಕ್ಕೆ ಇಳಿಯುತ್ತೆ. ಹುಡುಗರ ಭಾಷೇಲಿ "ಲ್ಯಾಗ್ ಹೊಡೀತದೆ".

ಇದಕ್ಕೆ ಮದ್ದು ಅಂದ್ರೆ ಚಿತ್ರದ ಭಾರ ಇಳಿಸೋದು. ಉದಾಹರಣೆಗೆ 1920×1080 ರೆಸಲ್ಯೂಷನ್‌ನಲ್ಲಿ ಒಂದೊಂದು ಚಿತ್ರಕ್ಕೂ ಸುಮಾರು 20 ಲಕ್ಷ 73 ಸಾವಿರ ಚುಕ್ಕಿ ಬಿಡಿಸಬೇಕು. 1280×720ಕ್ಕೆ ಇಳಿಸಿದರೆ 9 ಲಕ್ಷ 21 ಸಾವಿರ ಸಾಕು. ಅರ್ಧಕ್ಕಿಂತ ಕಡಿಮೆ ಕೆಲಸ. ನೆರಳು ತೆಗೆದರೆ ಇನ್ನಷ್ಟು ಹಗುರ. ಆಟ ಮಂಜುಮಂಜಾಗಿ ಕಾಣುತ್ತೆ, ಆದರೆ ಓಡುತ್ತೆ. ನಮ್ಮ ಹುಡುಗರು ಬಹಳಷ್ಟು ಜನ ಮಾಡೋದು ಇದನ್ನೇ. ಅಂದ ಬಿಟ್ಟುಕೊಟ್ಟು ಓಟ ತಗೊಳ್ಳೋದು. ಹರಿದ ಚಪ್ಪಲಿಗೆ ಪಿನ್ನು ಹಾಕ್ಕೊಂಡು ಓಡಿದ ಹಾಗೆ.

ಈಗ ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳೋಣ. ಆಂಟಿ-ಚೀಟ್ ಬೇಡ ಅನ್ನೋನು ನಾನಲ್ಲ. ಗೋಡೆ ಆಚೆ ಇರುವವನನ್ನ ತೋರಿಸುವ ವಾಲ್‌ಹ್ಯಾಕ್, ಗುರಿಯನ್ನ ತಾನೇ ಹಿಡಿಯುವ ಏಮ್‌ಬಾಟ್ ಇವೆಲ್ಲ ಶುದ್ಧ ಮೋಸ. ಇವನ್ನ ತಿಂಗಳ ಬಾಡಿಗೆ ಲೆಕ್ಕದಲ್ಲಿ ಮಾರುವ ದಂಧೆ ಇದೆ. ದುಡ್ಡು ಇದ್ದೋನು ಕೊಂಡ್ಕೊಂಡು ಗೆಲ್ತಾನೆ, ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಬಡ ಹುಡುಗ ಸೋಲ್ತಾನೆ. ಹಾಗಾಗಿ ಮೋಸ ತಡೆಯುವ ವ್ಯವಸ್ಥೆ ಇರೋದು ಬರೀ ಕೌಶಲವನ್ನೇ ನಂಬಿಕೊಂಡಿರುವ ನಮ್ಮ ಹುಡುಗರಿಗೇ ಹೆಚ್ಚು ಬೇಕು. ಬಿಜಿಎಂಐ ನಡೆಸುವ ಕ್ರಾಫ್ಟನ್ ಕಂಪನಿಯೇ ಹೇಳಿಕೊಂಡ ಪ್ರಕಾರ 2021ರ ಅಕ್ಟೋಬರ್ 1ರಿಂದ ನವೆಂಬರ್ 10ರ ಒಳಗೆ 25 ಲಕ್ಷಕ್ಕೂ ಹೆಚ್ಚು ಅಕೌಂಟ್‌ಗಳನ್ನ ಶಾಶ್ವತವಾಗಿ ಬ್ಯಾನ್ ಮಾಡಿತು. ಮೋಸದ ಹಾವಳಿ ಎಷ್ಟಿದೆ ಅನ್ನೋದಕ್ಕೆ ಈ ಸಂಖ್ಯೆ ಸಾಕು.

ಸೆಟ್ಟಿಂಗ್ ತಿದ್ದೋದರಲ್ಲೂ ಮೋಸ ಇರಬಹುದು ಅನ್ನೋದು ನಿಜ. ಒಂದೇ ಫೈಲಿನ ಒಂದು ಸಾಲು ತಿದ್ದಿದರೆ ನೆರಳು ಹೋಗಿ ಫೋನು ತಣ್ಣಗಾಗುತ್ತೆ. ಇನ್ನೊಂದು ಸಾಲು ತಿದ್ದಿದರೆ ನೆಲದ ಹುಲ್ಲು ಹೋಗುತ್ತೆ. ಹುಲ್ಲಲ್ಲಿ ಬಚ್ಚಿಟ್ಟುಕೊಂಡು ಮಲಗಿದವನು, ತಾನು ಅಡಗಿದ್ದೀನಿ ಅಂದ್ಕೊಂಡೋನು, ಇನ್ನೊಬ್ಬನ ಪರದೆಯಲ್ಲಿ ಬರೀ ನೆಲದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಕಾಣ್ತಾನೆ. ಇದು ಮೋಸವೇ. ಇದನ್ನ ನಾನು ಸಮರ್ಥಿಸಲ್ಲ.

ಆದರೆ ಆಂಟಿ-ಚೀಟ್ ಅನ್ನೋ ಯಂತ್ರ ಹೇಗೆ ನೋಡುತ್ತೆ? ಆಟದ ಫೈಲು ಕಂಪನಿ ಕೊಟ್ಟ ಹಾಗೇ ಇದೆಯಾ ಅಂತ ಅದರ ಗುರುತು ತಾಳೆ ನೋಡುತ್ತೆ. ಆಟ ಓಡುವಾಗ ಮೆಮೊರಿಗೆ ಬೇರೆ ಯಾವುದಾದರೂ ಪ್ರೋಗ್ರಾಂ ಕೈ ಹಾಕಿದೆಯಾ ಅಂತ ನೋಡುತ್ತೆ. ಗೊತ್ತಿರುವ ಮೋಸದ ಸಾಫ್ಟ್‌ವೇರ್‌ಗಳ ಪಟ್ಟಿ ಇಟ್ಟುಕೊಂಡು ಹುಡುಕುತ್ತೆ. ತಾಳೆ ಆಗಲಿಲ್ಲ ಅಂದ್ರೆ ಮುಗೀತು. ಹುಲ್ಲು ಅಳಿಸೋಕೆ ತಿದ್ದಿದ್ಯಾ, ಬಿಸಿ ತಡೆಯೋಕೆ ತಿದ್ದಿದ್ಯಾ ಅಂತ ಅದು ಕೇಳಲ್ಲ. ಕೇಳುವ ಮನುಷ್ಯರನ್ನ ಕಂಪನಿ ಅಲ್ಲಿ ಕೂರಿಸಿಲ್ಲ.

ಇದಕ್ಕಿಂತ ನನಗೆ ಸಿಟ್ಟು ಬರೋದು ಇನ್ನೊಂದು ವಿಷಯಕ್ಕೆ. ಯಾವ ಅನುಕೂಲವನ್ನ ಹುಡುಗ ಫೈಲು ತಿದ್ದಿ ಪಡೆದರೆ ಅಪರಾಧ ಆಗುತ್ತೋ, ಅದೇ ಅನುಕೂಲವನ್ನ ಅಂಗಡಿಯಲ್ಲಿ ದುಡ್ಡು ಕೊಟ್ಟು ಪಡೆದರೆ ಅದು ಅಪರಾಧ ಅಲ್ಲ.

2020ರಲ್ಲಿ ಪಬ್‌ಜಿ ಮೊಬೈಲ್‌ಗೆ ಸೆಕೆಂಡಿಗೆ 90 ಚಿತ್ರಗಳ ಆಯ್ಕೆ ಬಂತು. ಬಂದದ್ದು ಎಲ್ಲರಿಗಲ್ಲ. ಒನ್‌ಪ್ಲಸ್ ಕಂಪನಿ ಜತೆ ಒಪ್ಪಂದ ಮಾಡಿಕೊಂಡು ಆ ವರ್ಷದ ಸೆಪ್ಟೆಂಬರ್ 6ರವರೆಗೆ ಆ ಕಂಪನಿಯ ಕೆಲವು ಫೋನುಗಳಿಗೆ ಮಾತ್ರ ಕೊಟ್ಟರು. ಬೇರೆ ಫೋನಿನ ಪರದೆಗೆ 90 ತೋರಿಸುವ ಶಕ್ತಿ ಇದ್ದರೂ ಕೊಡಲಿಲ್ಲ. ಅಂದ್ರೆ ಆಟದೊಳಗಿನ ವೇಗ ಎರಡು ಕಂಪನಿಗಳ ನಡುವಿನ ವ್ಯಾಪಾರದ ವಸ್ತು ಆಯ್ತು. ಅದೇ 90ನ್ನ ಹೊರಗಿನ ಟೂಲ್ ಹಾಕಿ ತೆರೆದುಕೊಂಡೋನು ನಿಯಮ ಮುರಿದವನು. (ಸೆಪ್ಟೆಂಬರ್ 2ಕ್ಕೆ ಕೇಂದ್ರ ಸರ್ಕಾರ ಪಬ್‌ಜಿಯನ್ನೂ ಸೇರಿಸಿ 118 ಆ್ಯಪ್‌ಗಳನ್ನ ಬ್ಯಾನ್ ಮಾಡ್ತು, ಅದು ಬೇರೆ ಕಥೆ. ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು 2021ರ ಜುಲೈನಲ್ಲಿ ವಾಪಸ್ ಬಂತು.)

ಇನ್ನೊಂದು, 'ಐಪ್ಯಾಡ್ ವ್ಯೂ'. ಐಪ್ಯಾಡ್ ಪರದೆಯ ಅಳತೆ ಚೌಕಕ್ಕೆ ಹತ್ತಿರ, ಹಾಗಾಗಿ ಅದರಲ್ಲಿ ಆಡುವವನಿಗೆ ಮೇಲೆ ಕೆಳಗೆ ಹೆಚ್ಚು ಜಾಗ ಕಾಣುತ್ತೆ. ಗೋಡೆ ಹತ್ತುವವನು, ಮಹಡಿ ಕಿಟಕೀಲಿ ನಿಂತವನು ಬೇಗ ಕಣ್ಣಿಗೆ ಬೀಳ್ತಾನೆ. ಇದು ಆಡುವವರಿಗೆಲ್ಲ ಗೊತ್ತು. ಮಾಮೂಲಿ ರ‍್ಯಾಂಕ್ ಆಟದಲ್ಲಿ ಐಪ್ಯಾಡ್ ಹಿಡಿದು ಆಡಿದರೆ ಯಾರೂ ಕೇಳಲ್ಲ. ಎಂಟು ಸಾವಿರದ ಫೋನಿನಲ್ಲಿ ಅದೇ ನೋಟ ಬರುವ ಹಾಗೆ ತಿದ್ದಿಕೊಂಡರೆ ಬ್ಯಾನ್. ಕಾಣುವ ದೃಶ್ಯ ಒಂದೇ, ಸಿಗುವ ಲಾಭ ಒಂದೇ. ಮೂವತ್ತು ಸಾವಿರ ದಾಟಿದ ಬಿಲ್ ಇದ್ದರೆ ಅದು 'ಸೌಲಭ್ಯ', ಇಲ್ಲದಿದ್ದರೆ ಅದು 'ಮೋಸ'.

ನೋಟ ತಿದ್ದಿಕೊಂಡು ಹೆಚ್ಚು ಕಾಣುವ ಹಾಗೆ ಮಾಡೋದು ಸರಿ ಅಂತ ನಾನು ಹೇಳ್ತಿಲ್ಲ. ಹೆಚ್ಚು ಕಾಣೋದು ಅನ್ಯಾಯ ಅಂತಾದ್ರೆ ಐಪ್ಯಾಡ್‌ನಲ್ಲೂ ಅದನ್ನ ಕತ್ತರಿಸಿ. ಅನ್ಯಾಯ ಅಲ್ಲ ಅಂತಾದ್ರೆ ಎಲ್ಲರಿಗೂ ಮೆನುವಿನಲ್ಲಿ ಕೊಡಿ. ಎರಡೂ ಮಾಡದೆ, ಕೊಂಡವನಿಗೆ ಒಂದು, ತಿದ್ದಿಕೊಂಡವನಿಗೆ ಇನ್ನೊಂದು ಅಂದ್ರೆ ಅದು ಯಾವ ನ್ಯಾಯ ಸ್ವಾಮಿ?

ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ಇದೆ. 2024ರಲ್ಲಿ ರೇಜರ್ ಕಂಪನಿ ತನ್ನ ದುಬಾರಿ ಕೀಬೋರ್ಡ್‌ಗಳಿಗೆ 'ಸ್ನ್ಯಾಪ್ ಟ್ಯಾಪ್' ಅನ್ನೋ ಸೌಲಭ್ಯ ತಂತು. ಎಡಕ್ಕೆ ಬಲಕ್ಕೆ ತಕ್ಷಣ ತಿರುಗಿ ನಿಂತು ಗುಂಡು ಹಾರಿಸುವ ಕೌಶಲ ಇದೆಯಲ್ಲ, ಆಟಗಾರರು ವರ್ಷಗಟ್ಟಲೆ ಬೆರಳು ಸವೆಸಿ ಕಲಿಯೋದು, ಅದನ್ನ ಕೀಬೋರ್ಡೇ ಮಾಡಿಕೊಡ್ತಿತ್ತು. ಅದೇ ಆಗಸ್ಟ್‌ನಲ್ಲಿ ಕೌಂಟರ್-ಸ್ಟ್ರೈಕ್ ಆಟದ ಒಡೆಯ ವಾಲ್ವ್ ಕಂಪನಿ, ಇದು ನಮ್ಮ ಸರ್ವರ್‌ನಲ್ಲಿ ನಡೆಯಲ್ಲ, ಬಳಸಿದರೆ ಪಂದ್ಯದಿಂದ ಹೊರಗೆ ಹಾಕ್ತೀವಿ ಅಂತ ಹೇಳ್ತು. ದುಡ್ಡು ಕೊಟ್ಟು ತಂದ ಅನುಕೂಲವೂ ಅನುಕೂಲವೇ ಅಂತ ಒಪ್ಪಿಕೊಂಡ ತೀರ್ಮಾನ ಅದು. ನಾನು ಕೇಳ್ತಿರೋದು ಇದೇ ಅಳತೆಗೋಲನ್ನ.

ನಮಗೆ ಇದು ಹೊಸ ಪಾಠ ಏನಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೊಟ್ಟ ಎಚ್ಚರಿಕೆ ನೆನಪಿಸಿಕೊಳ್ಳಿ. ರಾಜಕೀಯದಲ್ಲಿ ಒಬ್ಬನಿಗೊಂದು ಮತ ಕೊಟ್ಟು ಸಮಾನತೆ ಅಂತೀವಿ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಹಾಗೇ ಉಳಿಸ್ಕೋತೀವಿ, ಈ ವಿರೋಧಾಭಾಸವನ್ನ ಎಷ್ಟು ದಿನ ಎಳೀತೀರಿ ಅಂತ ಅವರು ಕೇಳಿದ್ರು. ನಿಯಮ ಎಲ್ಲರಿಗೂ ಒಂದೇ ಅನ್ನೋದು ಅರ್ಧ ಮಾತು. ನಿಂತಿರುವ ನೆಲ ಒಂದೇ ಮಟ್ಟದಲ್ಲಿ ಇದೆಯಾ ಅನ್ನೋದು ಉಳಿದರ್ಧ.

ಆಟದ ಮೈದಾನದಲ್ಲೇ ಉದಾಹರಣೆ ಬೇಕಾದ್ರೆ ಪಲ್ವಂಕರ್ ಬಾಲೂ ಇದ್ದಾರೆ. ಚಮ್ಮಾರ ಸಮುದಾಯದಲ್ಲಿ ಹುಟ್ಟಿದ, ದೇಶ ಕಂಡ ದೊಡ್ಡ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದವರು. ಅದಕ್ಕೂ ಮುಂಚೆ ಪುಣೆಯಲ್ಲಿ ಅವರು ಎಸೆದ ಚೆಂಡು ಎಲ್ಲರಿಗೂ ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಅದು ಸಿಕ್ಕಿತು. ಮೈದಾನದ ಗೆರೆಯೊಳಗೆ ಕ್ರಿಕೆಟ್ ನಿಯಮ ಬಾಲೂಗೂ ಬೇರೆಯವರಿಗೂ ಒಂದೇ ಇತ್ತು. ಗೆರೆಯ ಆಚೆಗೆ ಏನಿತ್ತು ಅನ್ನೋದು ಅವರ ಬದುಕು. ಫೋನು ಬಿಸಿಯಾಗೋದನ್ನ ಅಸ್ಪೃಶ್ಯತೆಗೆ ಸಮ ಅಂತ ನಾನು ಹೇಳ್ತಿಲ್ಲ, ಅಂಥ ಅವಿವೇಕ ಬೇಡ. 'ಆಟಕ್ಕೆ ಜಾತಿ ಇಲ್ಲ, ದುಡ್ಡಿಲ್ಲ, ಪ್ರತಿಭೆ ಒಂದೇ' ಅಂತ ಯಾರಾದ್ರೂ ಹೇಳಿದಾಗ ಗೆರೆಯ ಆಚೆಗೆ ಕಣ್ಣು ಹಾಯಿಸೋ ಅಭ್ಯಾಸ ನಮಗೆ ಇರಬೇಕು ಅಂತ ಹೇಳ್ತಿದ್ದೀನಿ.

ನಮ್ಮ ಕಾಲೊನಿಯ ಒಬ್ಬ ಹುಡುಗನ ವಿಷಯ ಹೇಳ್ತೀನಿ. ಹೆಸರು ಬೇಡ, ಆಟದ ಹೆಸರೂ ಬೇಡ. ಹಗಲು ವೆಲ್ಡಿಂಗ್ ಶಾಪಿನಲ್ಲಿ ಕೆಲಸ. ಆರೂವರೆ ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಫೋನು ತಗೊಂಡಿದ್ದ. ನಾಲ್ಕು ಜನರ ತಂಡ ಕಟ್ಟಿಕೊಂಡು ತಾಲ್ಲೂಕು ಮಟ್ಟದ ಒಂದು ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ರು. ಫೋನು ಕಾದು ನಿಂತುಹೋಗ್ತದೆ ಅಂತ ರೆಸಲ್ಯೂಷನ್ ಇಳಿಸುವ ಆ್ಯಪ್ ಹಾಕ್ಕೊಂಡ. ಟೂರ್ನಮೆಂಟ್‌ಗೆ ನಾಲ್ಕು ದಿನ ಇರುವಾಗ ಅಕೌಂಟ್ ಬ್ಯಾನ್, ಹತ್ತು ವರ್ಷಕ್ಕೆ. ಪರದೆ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಯಾವ ದಿನ, ಯಾವ ಪಂದ್ಯ, ಯಾವ ಆ್ಯಪ್, ಏನು ತಪ್ಪು, ಏನೂ ಇಲ್ಲ. ನನ್ನ ಹತ್ರ ಬಂದ. ಇಬ್ಬರೂ ಕೂತು ಮೇಲ್ ಬರೆದ್ವಿ. ಒಂದು ನಿಮಿಷಕ್ಕೆ ಉತ್ತರ ಬಂತು, ಯಂತ್ರ ಬರೆದ ಉತ್ತರ: ತೀರ್ಮಾನ ಅಂತಿಮ. ಅವನು ಕೇಳಿದ್ದು ಒಂದೇ ಮಾತು: "ಅಣ್ಣ, ತೆಗ್ದಾಕ್ಲಿ ಪರ್ವಾಗಿಲ್ಲ. ಏನ್ ಮಾಡ್ದೆ ಅಂತಾದ್ರೂ ಹೇಳ್ಬೇಕಲ್ವಾ?"

ನಾನು ಗುಮಾಸ್ತ. ಕಡತದ ಭಾಷೆ ನನಗೆ ಗೊತ್ತು. ಸರ್ಕಾರಿ ನೌಕರ ಲಂಚ ತಿಂದು ಸಿಕ್ಕಿಬಿದ್ದರೂ ಅವನನ್ನ ಕೆಲಸದಿಂದ ತೆಗೆಯುವ ಮುಂಚೆ ಆರೋಪ ಏನು ಅಂತ ಲಿಖಿತವಾಗಿ ತಿಳಿಸಬೇಕು, ಅವನ ಮಾತು ಕೇಳಬೇಕು. ಕೆಲವು ಅಪವಾದ ಬಿಟ್ಟರೆ ಸಂವಿಧಾನದ 311ನೇ ವಿಧಿ ಹೇಳೋದು ಇದನ್ನೇ. ಗೇಮ್ ಅಕೌಂಟ್ ಸರ್ಕಾರಿ ನೌಕರಿ ಅಲ್ಲ, ಒಪ್ಪಿದೆ. ಖಾಸಗಿ ಕಂಪನಿ ಮೇಲೆ ಆ ವಿಧಿ ನಡೆಯಲ್ಲ, ಅದೂ ಗೊತ್ತು. ಆದರೆ ಶಿಕ್ಷೆ ಕೊಡುವವನು ಕಾರಣ ಹೇಳಬೇಕು, ಶಿಕ್ಷೆ ಅನುಭವಿಸುವವನು ಉತ್ತರ ಕೊಡೋಕೆ ಜಾಗ ಇರಬೇಕು ಅನ್ನೋದು ಯಾವ ಕಚೇರಿಯ ಆಸ್ತಿಯೂ ಅಲ್ಲ. ಊರ ಪಂಚಾಯ್ತಿ ಕಟ್ಟೆಯಲ್ಲಿ ನಮ್ಮ ಹಿರಿಯರಿಗೆ ಸಿಗದೇ ಇದ್ದದ್ದು ಅದೇ. ದಂಡ ಹೇಳ್ತಿದ್ರು, ತಪ್ಪು ಹೇಳ್ತಿರಲಿಲ್ಲ.

ದೊಡ್ಡವರಿಗೆ ಹೀಗೇ ಆದಾಗ ಏನಾಗುತ್ತೆ ನೋಡಿ. 2023ರ ಅಕ್ಟೋಬರ್‌ನಲ್ಲಿ ಎಎಂಡಿ ಕಂಪನಿ ತನ್ನ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್‌ನಲ್ಲಿ 'ಆಂಟಿ-ಲ್ಯಾಗ್ ಪ್ಲಸ್' ಅನ್ನೋ ಆಯ್ಕೆ ಕೊಟ್ಟಿತ್ತು. ಅದನ್ನ ಆನ್ ಮಾಡಿ ಕೌಂಟರ್-ಸ್ಟ್ರೈಕ್ 2 ಆಡಿದವರಿಗೆ ಬ್ಯಾನ್ ಬೀಳೋಕೆ ಶುರುವಾಯ್ತು. ಯಾಕಂದ್ರೆ ಆ ಡ್ರೈವರ್ ಆಟದ ಒಳಗಿನ ಕೋಡಿಗೆ ಕೈ ಹಾಕ್ತಿತ್ತು. ಮೋಸದ ಸಾಫ್ಟ್‌ವೇರ್ ಮಾಡೋದೂ ಅದನ್ನೇ, ಯಂತ್ರಕ್ಕೆ ಎರಡೂ ಒಂದೇ ಕಂಡಿತು. ವಾಲ್ವ್ ಬಹಿರಂಗವಾಗಿ ಎಚ್ಚರಿಸಿತು, ಎಎಂಡಿ ಆ ಡ್ರೈವರನ್ನ ವಾಪಸ್ ತಗೊಂಡಿತು, ಸಿಕ್ಕಿಹಾಕಿಕೊಂಡವರನ್ನ ಗುರುತಿಸಿ ಬ್ಯಾನ್ ತೆಗೆದರು. ಸರಿಯಾದ ಕೆಲಸವೇ. ಆದರೆ ಗಮನಿಸಿ, ಅಲ್ಲಿ ಆಟಗಾರರ ಬೆನ್ನಿಗೆ ಒಂದು ಜಾಗತಿಕ ಕಂಪನಿಯ ಹೆಸರಿತ್ತು. 'ಉದ್ದೇಶ ಮೋಸ ಅಲ್ಲ' ಅಂತ ಒಪ್ಪಿಕೊಳ್ಳೋಕೆ ಯಾರಿಗೂ ಕಷ್ಟ ಆಗಲಿಲ್ಲ. ಫೋನಿನ ಬಿಸಿ ಇಳಿಸಿಕೊಂಡ ವೆಲ್ಡಿಂಗ್ ಶಾಪಿನ ಹುಡುಗನ ಬೆನ್ನಿಗೆ ಯಾರಿದ್ದಾರೆ?

ಇನ್ನು ಡಿವೈಸ್ ಬ್ಯಾನ್. 2021ರ ಡಿಸೆಂಬರ್‌ನಲ್ಲಿ ಬಿಜಿಎಂಐಗೆ ಈ ನಿಯಮ ಬಂತು. ಮೋಸ ಮಾಡಿದ ಅಕೌಂಟ್ ಮಾತ್ರ ಅಲ್ಲ, ಅದಕ್ಕೆ ಬಳಸಿದ ಫೋನೇ ಶಾಶ್ವತವಾಗಿ ಹೊರಗೆ. ಹೊಸ ಅಕೌಂಟ್ ಮಾಡ್ಕೊಂಡು ಮತ್ತೆ ಬರುವ ಕಳ್ಳರನ್ನ ತಡೆಯೋಕೆ ಅಂತ ಕಾರಣ. ಕಾರಣ ಅರ್ಥ ಆಗುತ್ತೆ. ಆದರೆ ಹೊಸ ಫೋನು ತಗೊಳ್ಳುವ ಶಕ್ತಿ ಇರೋನು ಆ ಫೋನನ್ನ ಮಾರಿ ಇನ್ನೊಂದು ತಗೋತಾನೆ, ಶಿಕ್ಷೆ ಅಲ್ಲಿಗೆ ಮುಗೀತು. ಮಾರಿದ ಫೋನು ಸಂತೆ ಅಂಗಡಿಗೆ ಬಂದು ನಮ್ಮ ಹುಡುಗನ ಕೈ ಸೇರುತ್ತೆ. ಯಾರೋ ಮಾಡಿದ್ದಕ್ಕೆ ಇವನು ಆಟದಿಂದ ಹೊರಗೆ. ಮುಟ್ಟಿದವನಿಗೆಲ್ಲ ಅಂಟುವ ಮೈಲಿಗೆಯ ಲೆಕ್ಕ ನಮಗೆ ಚೆನ್ನಾಗಿ ಗೊತ್ತಲ್ಲ, ಇದು ಅದೇ ಲೆಕ್ಕ. ಸೆಕೆಂಡ್ ಹ್ಯಾಂಡ್ ಮೇಲೆ ಬದುಕುವ ಸಮಾಜಗಳಿಗೆ ವಸ್ತುವಿಗೆ ಕೊಡುವ ಶಿಕ್ಷೆ ಯಾವಾಗಲೂ ತಪ್ಪು ಮನೆಗೇ ಬಂದು ಬೀಳುತ್ತೆ.

ಕಂಪ್ಯೂಟರ್ ಕಡೆ ಇದು ಇನ್ನೂ ಮುಂದೆ ಹೋಗಿದೆ. ರಯಟ್ ಕಂಪನಿಯ ವ್ಯಾಲರಂಟ್ ಆಟದ ಆಂಟಿ-ಚೀಟ್ ವ್ಯಾನ್‌ಗಾರ್ಡ್. ಅದು ಕಂಪ್ಯೂಟರ್ ಆನ್ ಆದ ಕ್ಷಣದಿಂದ ವಿಂಡೋಸ್‌ನ ಗರ್ಭಗುಡಿಯೊಳಗೇ ಕೂತಿರುತ್ತೆ. 2020ರಲ್ಲಿ ಅದು ಬಂದ ಹೊಸದರಲ್ಲಿ ಕಂಪ್ಯೂಟರ್ ಬಿಸಿ ಅಳೆಯುವ, ಫ್ಯಾನ್ ವೇಗ ನಿಯಂತ್ರಿಸುವ ಕೆಲವು ಸಾಫ್ಟ್‌ವೇರ್‌ಗಳನ್ನೂ ತಡೆದು ಗಲಾಟೆ ಆಗಿತ್ತು. ಅವುಗಳ ಡ್ರೈವರ್‌ನಲ್ಲಿರುವ ದೋಷ ಹಿಡಿದು ಮೋಸಗಾರರು ನುಗ್ಗಬಹುದು ಅನ್ನೋದು ಕಾರಣ. ವಿಂಡೋಸ್ 11ರಲ್ಲಿ ಈ ಆಟ ಆಡಬೇಕಾದ್ರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್ ಎರಡೂ ಬೇಕು. 2025ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಸೆಕ್ಯೂರ್ ಬೂಟ್ ಕೇಳ್ತು, ಕಾಲ್ ಆಫ್ ಡ್ಯೂಟಿ ಬ್ಲ್ಯಾಕ್ ಆಪ್ಸ್ 7 ಎರಡನ್ನೂ ಕೇಳ್ತು. ಕಚೇರಿಗಳಲ್ಲಿ ಕಂಡೆಮ್ ಆಗಿ ಗುಜರಿ ಹರಾಜಿಗೆ ಹೋಗುವ ಕಂಪ್ಯೂಟರ್‌ಗಳನ್ನ ನಾನು ನೋಡ್ತಾನೇ ಇರ್ತೀನಿ. ಅವೇ ಸಣ್ಣ ಊರಿನ ಸೈಬರ್ ಅಂಗಡಿಗೆ, ಹಾಸ್ಟೆಲ್ ಹುಡುಗರ ರೂಮಿಗೆ ಬರೋದು. ಅವುಗಳಲ್ಲಿ ಎಷ್ಟೋ ಇವೆಲ್ಲ ಬರುವ ಮುಂಚಿನವು. ಅಲ್ಲಿ ಬ್ಯಾನ್ ಕೂಡ ಬೇಕಾಗಲ್ಲ, ಬಾಗಿಲೇ ತೆರೆಯಲ್ಲ.

ಹಾಗಾದ್ರೆ ಮೋಸ ತಡೆಯೋದೂ ಬೇಕು, ಬಡವರನ್ನ ಹೊರಗೆ ಹಾಕೋದೂ ಬೇಡ ಅಂದ್ರೆ ದಾರಿ ಇದೆಯಾ? ಇದೆ. ಕೆಲವು ಕಂಪನಿಗಳು ಮಾಡಿಯೂ ತೋರಿಸಿವೆ.

ಕೌಂಟರ್-ಸ್ಟ್ರೈಕ್‌ನಲ್ಲಿ ಆಟಗಾರ ತಾನೇ ಕಾನ್ಫಿಗ್ ಫೈಲ್ ಬರೆದುಕೊಳ್ಳಬಹುದು, ಅದು ಮೊದಲಿನಿಂದ ಬಂದ ಪದ್ಧತಿ. ಗೋಡೆಯಾಚೆ ತೋರಿಸುವಂಥ ಆಜ್ಞೆಗಳನ್ನ ಮಾತ್ರ ಬೇರೆ ಮಾಡಿ, ಅವಕ್ಕೆ 'ಚೀಟ್' ಅಂತ ಗುರುತು ಹಾಕಿದ್ದಾರೆ. ಸರ್ವರ್‌ನವನು ಅನುಮತಿ ಕೊಡದೆ ಅವು ಕೆಲಸವೇ ಮಾಡಲ್ಲ. ಟೈಪ್ ಮಾಡಿದರೂ ಏನೂ ಆಗಲ್ಲ, ಯಾರನ್ನೂ ಬ್ಯಾನ್ ಮಾಡಬೇಕಾಗಿಲ್ಲ. ಅಂದ್ರೆ ಹೋಗಬಾರದ ಕೋಣೆಗೆ ಬೀಗ ಹಾಕಿ, ಮಿಕ್ಕ ಮನೆಯಲ್ಲಿ ಓಡಾಡಲು ಬಿಟ್ಟಿದ್ದಾರೆ. ಫೋರ್ಟ್‌ನೈಟ್ ಆಟದವರು 2020ರ ಡಿಸೆಂಬರ್‌ನಲ್ಲಿ ಹಳೆಯ ಕಂಪ್ಯೂಟರ್‌ಗಳಿಗೆ ಅಂತಲೇ 'ಪರ್ಫಾರ್ಮೆನ್ಸ್ ಮೋಡ್' ತಂದರು. ಚಿತ್ರದ ಅಂದ ಇಳಿಸಿ ವೇಗ ಕೊಡುವ ಕೆಲಸವನ್ನ ಕಂಪನಿಯೇ ಮಾಡಿಕೊಟ್ಟರೆ ಯಾರು ಯಾಕೆ ಕದ್ದು ತಿದ್ತಾರೆ? ಬಣ್ಣ ಗುರುತಿಸಲು ಕಷ್ಟ ಇರುವವರಿಗೆ ಬಿಜಿಎಂಐ ಸೇರಿ ಎಷ್ಟೋ ಆಟಗಳು ಬೇರೆ ಬಣ್ಣದ ಆಯ್ಕೆ ಕೊಡುತ್ತವೆ. ಅದನ್ನ ಯಾರೂ ಮೋಸ ಅನ್ನಲ್ಲ. ಕಣ್ಣಿನ ಕೊರತೆಗೆ ಮಾಡಿಕೊಟ್ಟ ಅನುಕೂಲವನ್ನ ಜೇಬಿನ ಕೊರತೆಗೂ ಮಾಡಿಕೊಡಿ ಅಂತಿದ್ದೀನಿ, ಅಷ್ಟೇ.

ನನ್ನ ಬೇಡಿಕೆ ಐದು.

ಒಂದು, ಯಾವುದು ತಿದ್ದಬಹುದು, ಯಾವುದು ತಿದ್ದಬಾರದು ಅನ್ನೋ ಪಟ್ಟಿ ಸ್ಪಷ್ಟವಾಗಿ ಹೊರಗೆ ಬರಲಿ, ಕನ್ನಡದಲ್ಲೂ ಬರಲಿ. 'ಥರ್ಡ್ ಪಾರ್ಟಿ ಪ್ರೋಗ್ರಾಂ' ಅನ್ನೋ ಒಂದೇ ಪದದ ಚೀಲಕ್ಕೆ ಏಮ್‌ಬಾಟನ್ನೂ ಬಿಸಿ ಇಳಿಸುವ ಆ್ಯಪನ್ನೂ ತುಂಬಬೇಡಿ.

ಎರಡು, ರೆಸಲ್ಯೂಷನ್ ಇಳಿಸೋದು, ನೆರಳು ತೆಗೆಯೋದು, ಭಾರ ಕಡಿಮೆ ಮಾಡೋದು ಎಲ್ಲವೂ ಆಟದ ಮೆನುವಿನೊಳಗೇ ಇರಲಿ. ಹೆಚ್ಚು ಕಾಣಿಸುವ ಸೆಟ್ಟಿಂಗ್ ಯಾರಿಗೂ ಬೇಡ, ಐಪ್ಯಾಡ್‌ನವರಿಗೂ ಬೇಡ.

ಮೂರು, ಸೆಟ್ಟಿಂಗ್ ತಿದ್ದಿದವನಿಗೆ ಮೊದಲ ಸಲ ಎಚ್ಚರಿಕೆ ಕೊಡಿ, ಫೈಲನ್ನ ಮೊದಲಿನ ಹಾಗೆ ಮಾಡಿಸಿ ಆಡಲು ಬಿಡಿ. ವಾಲ್‌ಹ್ಯಾಕ್‌ಗೆ ಕೊಡುವ ಹತ್ತು ವರ್ಷ ಇದಕ್ಕೆ ಬೇಡ.

ನಾಲ್ಕು, ಬ್ಯಾನ್ ಮಾಡಿದರೆ ಕಾರಣ ಬರೆದು ಕೊಡಿ. ಮೇಲ್ಮನವಿಯನ್ನ ಮನುಷ್ಯರು ಓದಲಿ. ಎಷ್ಟು ಜನ ಯಾವ ಕಾರಣಕ್ಕೆ ಬ್ಯಾನ್ ಆದರು, ಎಷ್ಟು ಮೇಲ್ಮನವಿ ಗೆದ್ದವು ಅನ್ನೋ ಲೆಕ್ಕ ಪ್ರಕಟಿಸಿ.

ಐದು, ಫೋನು ಕೈ ಬದಲಾಯಿಸಿದ್ದಕ್ಕೆ ದಾಖಲೆ ಕೊಟ್ಟರೆ ಡಿವೈಸ್ ಬ್ಯಾನ್ ತೆಗೆಯುವ ದಾರಿ ಇಡಿ.

ಇದನ್ನ ಕೇಳೋಕೆ ಈಗ ಸಮಯ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. ದುಡ್ಡು ಕಟ್ಟಿ ಆಡುವ ಆಟಗಳನ್ನ ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ್ಯತೆ ಕೊಡ್ತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಪಬ್‌ಜಿ ಮೊಬೈಲ್‌ನ ಒಂದು ಆವೃತ್ತಿಯೂ ಪದಕದ ಆಟ ಆಗಿತ್ತು. ಇವತ್ತು ಕ್ರೀಡೆ ಅಂದ ಮೇಲೆ ನಾಳೆ ತರಬೇತಿ, ಪ್ರಶಸ್ತಿ, ನೌಕರಿ ಎಲ್ಲ ಅದರ ಹಿಂದೆ ಬರುತ್ತೆ. ಆಗ ಪ್ರವೇಶದ ಬಾಗಿಲಲ್ಲಿ ಯಾರ ಕೈಯಲ್ಲಿ ಯಾವ ಫೋನಿದೆ ಅನ್ನೋದೇ ಅರ್ಹತೆ ಆದ್ರೆ, 'ಮೆರಿಟ್' ಅನ್ನೋ ಹಳೇ ಪದ ಹೊಸ ಅಂಗಿ ಹಾಕ್ಕೊಂಡು ಬಂದ ಹಾಗೆ. ಕ್ರೀಡೆ ಅಂತ ಮಾನ್ಯತೆ ಕೊಟ್ಟ ಸರ್ಕಾರ, ಶಿಕ್ಷೆಗೆ ಕಾರಣ ಹೇಳಬೇಕು ಅನ್ನೋ ಕನಿಷ್ಠ ನಿಯಮವನ್ನಾದರೂ ಕಂಪನಿಗಳ ಮೇಲೆ ಹಾಕಲಿ.

ಬಂದೂಕಿನ ಆಟ ಮಕ್ಕಳನ್ನ ಕೆಡಿಸುತ್ತೆ, ಆಡೋದೇ ಬೇಡ ಅನ್ನುವ ಹಿರಿಯರಿಗೆ ಒಂದು ಮಾತು. ರಾತ್ರಿಯಿಡೀ ಆಡಿ ಕಾಲೇಜು ಬಿಟ್ಟವರನ್ನ ನಾನೂ ನೋಡಿದ್ದೀನಿ, ಆ ಆತಂಕ ನಿಜ. ಅದಕ್ಕೆ ಉತ್ತರ ಹುಡುಗರಿಗೆ ಬೇರೆ ಮೈದಾನ ಕೊಡೋದು, ಜತೆಯಲ್ಲಿ ಕೂತು ಮಾತಾಡೋದು. ಮೇಲುಜಾತಿ ಮನೆ ಹುಡುಗ ಆಡಿದರೆ 'ಇ-ಸ್ಪೋರ್ಟ್ಸ್ ಕೆರಿಯರ್', ನಮ್ಮ ಹುಡುಗ ಆಡಿದರೆ 'ಪೋಲಿ' ಅನ್ನೋದನ್ನ ಮಾತ್ರ ನಾವೇ ಹೇಳೋದು ಬೇಡ.

ತಮ್ಮಂದಿರಿಗೂ ಒಂದು ಮಾತು. ನಾನು ಹೀಗೆ ಬರೆದೆ ಅಂತ ನಾಳೆ ಸಿಕ್ಕಸಿಕ್ಕ ಟೂಲ್ ಹಾಕ್ಕೋಬೇಡಿ. ನಿಯಮ ಬದಲಾಗುವ ತನಕ ನಿಯಮವೇ ನಿಯಮ, ಬ್ಯಾನ್ ಆಗೋದು ನೀವೇ. ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್ ನಿಮ್ಮ ಫೋನಿನ ಮೆಸೇಜು, ಫೋನ್‌ಪೇ ಎಲ್ಲದಕ್ಕೂ ಕೈ ಹಾಕಬಹುದು. ಮೊದಲು ಆಟದ ಮೆನುವಿನಲ್ಲಿ 'ಸ್ಮೂತ್' ಇಟ್ಟು ನೆರಳು ಆಫ್ ಮಾಡಿ, ಫೋನಿನ ಕವರ್ ತೆಗೆದು ಆಡಿ, ಚಾರ್ಜಿಗೆ ಹಾಕ್ಕೊಂಡು ಆಡಬೇಡಿ, ಹಿಂದೆ ಓಡ್ತಿರುವ ಆ್ಯಪ್‌ಗಳನ್ನ ಮುಚ್ಚಿ. ಸೆಕೆಂಡ್ ಹ್ಯಾಂಡ್ ಫೋನು ತಗೊಳ್ಳುವಾಗ ಅಂಗಡಿಯಲ್ಲೇ ಆಟ ಹಾಕಿ ಲಾಗಿನ್ ಆಗುತ್ತಾ ಅಂತ ನೋಡಿ ದುಡ್ಡು ಕೊಡಿ. ಬಿಲ್ ಕೇಳಿ, ಜೋಪಾನವಾಗಿ ಇಟ್ಕೊಳ್ಳಿ. ಮತ್ತೆ ಹುಲ್ಲು ಅಳಿಸಿ ಗೆಲ್ಲುವ ಆಸೆ ಇದ್ದವರು ನನ್ನ ಹತ್ರ ಬರಲೇಬೇಡಿ. ಅಡಗಿದವನನ್ನ ಕದ್ದು ನೋಡಿ ಹೊಡೆಯೋದು ಶೂರತನ ಅಲ್ಲ.

ಕಾರಣ ಹೇಳದೆ ಬ್ಯಾನ್ ಆದವರು ಪರದೆಯ ಫೋಟೊ, ದಿನಾಂಕ, ಮೇಲ್ ಬರೆದಿದ್ದರೆ ಅದರ ಉತ್ತರ ಇಷ್ಟನ್ನ ನನಗೆ ಇನ್‌ಬಾಕ್ಸ್ ಮಾಡಿ. ಫೋನ್ ನಂಬರ್, ಪಾಸ್‌ವರ್ಡ್ ಕಳಿಸಬೇಡಿ. ಇಪ್ಪತ್ತು ಮೂವತ್ತು ಸೇರಿದ ಮೇಲೆ ಒಂದೇ ಮನವಿ ಬರೆದು ಕಂಪನಿಗಳಿಗೂ, ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೂ, ನಮ್ಮ ರಾಜ್ಯದ ಕ್ರೀಡಾ ಇಲಾಖೆಗೂ ಕಳಿಸ್ತೀನಿ. ಕಡತ ಕಟ್ಟೋದು, ಸ್ವೀಕೃತಿ ಪಡೆಯೋದು, ನೆನಪೋಲೆ ಮೇಲೆ ನೆನಪೋಲೆ ಹಾಕೋದು ನನ್ನ ಕೈಗೆ ಬಂದ ವಿದ್ಯೆ. ಅದನ್ನ ಈ ಹುಡುಗರಿಗೂ ಕಲಿಸಿದರೆ ನಾಳೆ ಸ್ಕಾಲರ್‌ಶಿಪ್ ನಿಂತಾಗ, ಹಾಸ್ಟೆಲ್ ಸೀಟು ತಪ್ಪಿದಾಗ ಇವರೇ ಬರೀತಾರೆ.

ಜೈ ಭೀಮ್.